ತೂಬು ಮತ್ತು ತರ್ಕದ್ವಾರ

ನೀರನ್ನು ಕೂಡಿಡುವುದು ಒಂದು ವಿದ್ಯೆ. ಕೂಡಿಟ್ಟ ನೀರನ್ನು ಹದವರಿತು ಬಿಡುವುದು ಅದಕ್ಕಿಂತ ದೊಡ್ಡ ವಿದ್ಯೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನು ಕಂಡವರಿಗೆ ಈ ಮಾತಿನ ಅರ್ಥ ತಾನಾಗಿ ಹೊಳೆಯುತ್ತದೆ. ಜನರ ಬಾಯಲ್ಲಿ ಸೂಳೆಕೆರೆ ಎಂದೇ ಉಳಿದಿರುವ ಈ ವಿಶಾಲವಾದ ಜಲಾಶಯ ಹನ್ನೆರಡನೆಯ ಶತಮಾನದ್ದೆಂದು ಪ್ರತೀತಿ. ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಏರಿಯನ್ನು ಹಾಕಿ ಹರಿದ್ರಾ ಹೊಳೆಯನ್ನು ತಡೆದ ಹಿರಿಯರು ಅಷ್ಟಕ್ಕೆ ತೃಪ್ತರಾಗಲಿಲ್ಲ. ನೀರು ಹೊರಹೋಗಲು ತೂಬುಗಳನ್ನಿಟ್ಟು ಅವಕ್ಕೆ ಸಿದ್ಧ, ಬಸವ ಎಂದು ಹೆಸರಿಟ್ಟರು. ಏರಿಯು ಕೆರೆಯ ಬಲವಾದರೆ ತೂಬು ಕೆರೆಯ ಬುದ್ಧಿ. ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಬಲ್ಲ ನೀರಗಂಟಿಯಿದ್ದರೆ ಸಾಧಾರಣ ಕೆರೆಯೂ ಊರನ್ನು ಸಾಕುತ್ತದೆ. ಅವನಿಲ್ಲದಿದ್ದರೆ ತುಂಬಿದ ಕೆರೆಯೂ ಬೇಸಗೆಗೆ ಮುಂಚೆಯೇ ಬರಿದಾಗುತ್ತದೆ.

ಇಂತಹುದೇ ಬುದ್ಧಿಯ ಕೆಲಸ ಕಣ್ಣಿಗೆ ಕಾಣದಷ್ಟು ಕಿರಿದಾದ ಮತ್ತೊಂದು ಲೋಕದಲ್ಲಿಯೂ ನಡೆಯುತ್ತಿದೆ. ಗಣಕಯಂತ್ರ, ಮೊಬೈಲ್ ದೂರವಾಣಿ, ಕೈಗಡಿಯಾರ ಮೊದಲಾದವುಗಳ ಒಳಗಿರುವ ಸಿಲಿಕಾನ್ ಚಿಪ್ಪಿನಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ತೂಬುಗಳಿವೆ. ಅಲ್ಲಿ ಹರಿಯುವುದು ನೀರಲ್ಲ, ವಿದ್ಯುತ್ತು. ಆ ತೂಬುಗಳಿಗೆ ಟ್ರಾನ್ಸಿಸ್ಟರುಗಳೆಂದು ಹೆಸರು. ಕೆಲವು ಟ್ರಾನ್ಸಿಸ್ಟರುಗಳನ್ನು ಕ್ರಮವರಿತು ಜೋಡಿಸಿದಾಗ ಒಂದು ತರ್ಕದ್ವಾರ, ಅಂದರೆ ಲಾಜಿಕ್ ಗೇಟು, ಸಿದ್ಧವಾಗುತ್ತದೆ. ಅದು ತನ್ನ ಬಳಿಗೆ ಬಂದ ಸಂಕೇತಗಳನ್ನು ನೋಡಿ ‘ಹೌದು’ ಅಥವಾ ‘ಅಲ್ಲ’ ಎಂಬ ಒಂದೇ ಒಂದು ಉತ್ತರವನ್ನು ಕೊಡುತ್ತದೆ. ಹೌದು ಎಂಬುದನ್ನು ಒಂದು ಎಂದೂ ಅಲ್ಲ ಎಂಬುದನ್ನು ಸೊನ್ನೆ ಎಂದೂ ಬರೆಯುವುದು ವಾಡಿಕೆ. ತರ್ಕವನ್ನು ಬೀಜಗಣಿತದಂತೆ ಬರೆಯಬಹುದೆಂದು ಜಾರ್ಜ್ ಬೂಲ್ ಎಂಬ ಗಣಿತಜ್ಞನು ೧೮೫೪ರಲ್ಲಿ ತೋರಿಸಿದನು. ಆ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳಿಂದಲೇ ನಡೆಸಬಹುದೆಂದು ಕ್ಲಾಡ್ ಶಾನನ್ ಎಂಬ ತರುಣನು ೧೯೩೭ರಲ್ಲಿ ತನ್ನ ಪ್ರಬಂಧದಲ್ಲಿ ನಿರೂಪಿಸಿದನು. ಇಂದಿನ ಗಣಕಲೋಕವೆಲ್ಲ ಈ ಎರಡು ಕಂಬಗಳ ಮೇಲೆ ನಿಂತಿದೆ.

ತರ್ಕದ್ವಾರವು ಎಂತಹ ಪ್ರಶ್ನೆಯನ್ನು ಬಿಡಿಸುತ್ತದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬ ರೈತನಿಗೆ ಎರಡು ಕಡೆ ಭೂಮಿಯಿದೆ. ಕೆರೆಯಲ್ಲಿ ನೀರಿದ್ದು ಗದ್ದೆ ಒಣಗಿದ್ದರೆ ನೀರು ಬಿಡಬೇಕು; ಅಥವಾ ಕಾಲುವೆಯ ಸರದಿ ಬಂದಿದ್ದು ತೋಟ ಬಾಡಿದ್ದರೆ ನೀರು ಬಿಡಬೇಕು; ಉಳಿದ ಸಂದರ್ಭಗಳಲ್ಲಿ ಬಿಡಬಾರದು. ಇಲ್ಲಿ ‘ಇದೂ ಅದೂ’ ಎಂಬ ಪರೀಕ್ಷೆ ಎರಡು ಸಲವೂ ‘ಇದು ಇಲ್ಲವೆ ಅದು’ ಎಂಬ ಪರೀಕ್ಷೆ ಒಂದು ಸಲವೂ ನಡೆಯಬೇಕು. ಇವನ್ನು ಇದ್ದಂತೆಯೇ ಆಂಡ್ ಮತ್ತು ಆರ್ ಎಂಬ ಹೆಸರಿನ ದ್ವಾರಗಳಿಂದ ಕಟ್ಟಿದರೆ, ಒಂದೊಂದಕ್ಕೂ ಆರರಂತೆ ಒಟ್ಟು ೧೮ ಟ್ರಾನ್ಸಿಸ್ಟರುಗಳು ಬೇಕಾಗುತ್ತವೆ. ‘ಇವೆರಡೂ ಒಟ್ಟಿಗೆ ಇದ್ದರೆ ಮಾತ್ರ ಅಲ್ಲ’ ಎಂದು ತಿರುಗುಮುರುಗಾಗಿ ಹೇಳುವ ನ್ಯಾಂಡ್ ಎಂಬ ದ್ವಾರಕ್ಕೆ ಸಾಲುವುದು ನಾಲ್ಕೇ ಟ್ರಾನ್ಸಿಸ್ಟರು. ಅಂತಹ ಮೂರು ದ್ವಾರಗಳನ್ನು ಜೋಡಿಸಿದರೆ ಅದೇ ಉತ್ತರ ದೊರೆಯುತ್ತದೆ. ಆಗ ಖರ್ಚಾಗುವುದು ೧೨ ಟ್ರಾನ್ಸಿಸ್ಟರು ಮಾತ್ರ. ಪ್ರಶ್ನೆ ಒಂದೇ, ಉತ್ತರವೂ ಒಂದೇ. ಆದರೆ ದಾರಿ ಬೇರೆ, ವೆಚ್ಚ ಬೇರೆ.

ಇಲ್ಲಿ ಒಂದು ಮುಖ್ಯವಾದ ವಿಚಾರ ಅಡಗಿದೆ. ತರ್ಕದ್ವಾರದ ಗುಣವನ್ನು ಹೇಳಲು ಸತ್ಯಕೋಷ್ಟಕವೆಂಬ ಪಟ್ಟಿಯನ್ನು ಬರೆಯುವುದುಂಟು. ಯಾವ ಸಂಕೇತಕ್ಕೆ ಯಾವ ಉತ್ತರವೆಂಬುದು ಅದರಲ್ಲಿ ಸ್ಪಷ್ಟವಾಗಿರುತ್ತದೆ. ಆದರೆ ಆ ಉತ್ತರಕ್ಕೆ ಎಷ್ಟು ಶಕ್ತಿಯನ್ನು ತೆರಬೇಕಾಯಿತು ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಬಹುಕಾಲ ವಿನ್ಯಾಸಕಾರರು ಉತ್ತರ ಸರಿಯಾಗಿರಬೇಕು, ಬೇಗ ಬರಬೇಕು ಎಂಬ ಎರಡನ್ನೇ ಗುರಿಯಾಗಿ ಇಟ್ಟುಕೊಂಡಿದ್ದರು. ಸರಿಯಾದ ಉತ್ತರವೊಂದೇ ಸಾಲದು, ಅದಕ್ಕೆ ತೆತ್ತ ಬೆಲೆಯೂ ಸರಿಯಾಗಿರಬೇಕು ಎಂಬ ವಿವೇಕ ಬಲವಾಗಿ ಮೂಡಿದ್ದು ಆಮೇಲೆ. ಆ ವಿವೇಕವೇ ಈ ವಿದ್ಯೆಯ ತಿರುಳು.

ಬೆಲೆ ತೆರುವುದು ಹೇಗೆ? ಪ್ರತಿಯೊಂದು ದ್ವಾರದ ಮುಂದೆಯೂ ಒಂದು ಪುಟ್ಟ ತೊಟ್ಟಿ ಇದೆಯೆಂದು ಭಾವಿಸಬಹುದು. ವಿಜ್ಞಾನದಲ್ಲಿ ಅದಕ್ಕೆ ಧಾರಕತೆಯೆಂದು ಹೆಸರು. ತೊಟ್ಟಿ ತುಂಬಿದ್ದರೆ ಉತ್ತರ ಒಂದು, ಬರಿದಾಗಿದ್ದರೆ ಸೊನ್ನೆ. ಉತ್ತರ ಬದಲಾದಾಗಲೆಲ್ಲ ತೊಟ್ಟಿಯನ್ನು ತುಂಬಬೇಕು, ಇಲ್ಲವೆ ಬಸಿಯಬೇಕು. ಬಸಿದ ವಿದ್ಯುತ್ತು ಮರಳಿ ಬಾರದು; ಅದು ಶಾಖವಾಗಿ ಕಳೆದುಹೋಗುತ್ತದೆ. ತುಂಬುವಾಗಲೂ ನಷ್ಟವುಂಟು. ಎತ್ತರದಿಂದ ತೊಟ್ಟಿಗೆ ನೀರು ಬಿಟ್ಟಾಗ ಮೊದಲ ಹನಿ ಪೂರ್ಣ ಎತ್ತರದಿಂದ ಬೀಳುತ್ತದೆ. ತೊಟ್ಟಿ ತುಂಬುತ್ತ ಬಂದಂತೆ ಬೀಳುವ ಎತ್ತರ ಕಡಿಮೆಯಾಗಿ ಕೊನೆಯ ಹನಿಗೆ ಬೀಳುವ ಮಾತೇ ಇರುವುದಿಲ್ಲ. ಸರಾಸರಿಗೆ ಅರ್ಧ ಎತ್ತರದಷ್ಟು ಶಕ್ತಿ ವ್ಯರ್ಥವಾದಂತಾಯಿತು. ಚಿಪ್ಪಿನೊಳಗೂ ಹಾಗೆಯೇ: ಪೂರೈಸಿದ ಶಕ್ತಿಯಲ್ಲಿ ಅರ್ಧ ತುಂಬುವಾಗಲೇ ಶಾಖವಾಗುತ್ತದೆ, ಉಳಿದರ್ಧ ಬಸಿಯುವಾಗ ಶಾಖವಾಗುತ್ತದೆ.

ಈ ನಷ್ಟದ ಜೊತೆಗೆ ಹಳೆಯ ದ್ವಾರಗಳಲ್ಲಿ ಇನ್ನೊಂದು ದೋಷವಿತ್ತು. ಉತ್ತರ ಬದಲಾಗದೆ ಸುಮ್ಮನಿರುವಾಗಲೂ ಅವುಗಳಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತಿತ್ತು. ೧೯೬೦ ಮತ್ತು ೧೯೭೦ರ ದಶಕಗಳಲ್ಲಿ ಪ್ರಸಿದ್ಧವಾಗಿದ್ದ ಟಿ.ಟಿ.ಎಲ್. ಎಂಬ ಜಾತಿಯ ಒಂದೊಂದು ದ್ವಾರವೂ ಸುಮಾರು ೧೦ ಮಿಲಿವ್ಯಾಟ್ ಶಕ್ತಿಯನ್ನು ಬಳಸುತ್ತಿತ್ತು. ಬೆಳೆಯಿಲ್ಲದ ಹೊಲಕ್ಕೂ ಸದಾ ನೀರು ಹರಿಸಿದಂತಹ ಸ್ಥಿತಿ ಅದು. ೧೯೬೩ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆಯ ಫ್ರಾಂಕ್ ವಾನ್ಲಾಸ್ ಮತ್ತು ಸಿ. ಟಿ. ಸಾ ಅವರು ಇದಕ್ಕೆ ಪರಿಹಾರವನ್ನು ಪ್ರಕಟಿಸಿದರು. ಪರಸ್ಪರ ವಿರುದ್ಧ ಸ್ವಭಾವದ ಎರಡು ಟ್ರಾನ್ಸಿಸ್ಟರುಗಳನ್ನು ಅವರು ಜೋಡಿಯಾಗಿಟ್ಟರು. ಮೇಲಿನದು ತುಂಬುವ ತೂಬು, ಕೆಳಗಿನದು ಬಸಿಯುವ ತೂಬು. ಒಂದು ತೆರೆದಾಗ ಮತ್ತೊಂದು ಮುಚ್ಚಿರುತ್ತದೆ. ಆದ್ದರಿಂದ ಉತ್ತರ ಸ್ಥಿರವಾಗಿರುವಾಗ ಮೇಲಿಂದ ಕೆಳಕ್ಕೆ ನೇರವಾಗಿ ಹರಿಯಲು ದಾರಿಯೇ ಇಲ್ಲ. ಸುಮ್ಮನಿರುವ ದ್ವಾರಕ್ಕೆ ನ್ಯಾನೋವ್ಯಾಟ್, ಅಂದರೆ ವ್ಯಾಟಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದ ಶಕ್ತಿ ಸಾಕಾಯಿತು. ಸಿಮಾಸ್ ಎಂದು ಕರೆಯುವ ಈ ಜೋಡಿ ವ್ಯವಸ್ಥೆಯೇ ಇಂದಿನ ಬಹುತೇಕ ಎಲ್ಲ ಚಿಪ್ಪುಗಳ ಅಡಿಗಲ್ಲು.

ಇದರ ಫಲವನ್ನು ಕನ್ನಡ ನಾಡಿನ ಜನರು ತಮ್ಮ ಮುಂಗೈಯ ಮೇಲೆಯೇ ಕಂಡರು. ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆಯು ೧೯೮೧ರಲ್ಲಿ ಕ್ವಾರ್ಟ್ಸ್ ಕೈಗಡಿಯಾರವನ್ನು ಹೊರತಂದಿತು. ಇಂತಹ ಗಡಿಯಾರದಲ್ಲಿ ಒಂದು ಸ್ಫಟಿಕದ ತುಣುಕು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ತರ್ಕದ್ವಾರಗಳಿಂದ ಕಟ್ಟಿದ ೧೫ ಮೆಟ್ಟಿಲುಗಳು ಆ ಸಂಖ್ಯೆಯನ್ನು ಒಂದೊಂದು ಮೆಟ್ಟಿಲಿನಲ್ಲೂ ಅರ್ಧಕ್ಕಿಳಿಸಿ ಕಡೆಗೆ ಸೆಕೆಂಡಿಗೊಂದು ಮಿಡಿತವನ್ನು ಉಳಿಸುತ್ತವೆ. ಉದ್ದಿನ ಬೇಳೆಯನ್ನು ನೆನಪಿಗೆ ತರುವ ಪುಟ್ಟ ಬ್ಯಾಟರಿಯೊಂದು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸವನ್ನು ನಡೆಸಬಲ್ಲದು. ಇದರಲ್ಲಿ ಒಂದು ಸೂಕ್ಷ್ಮವೂ ಇದೆ. ಮೊದಲ ಮೆಟ್ಟಿಲು ಎಷ್ಟು ಸಲ ದುಡಿಯುತ್ತದೆಯೋ ಉಳಿದ ೧೪ ಮೆಟ್ಟಿಲುಗಳೂ ಸೇರಿ ಸರಿಸುಮಾರು ಅಷ್ಟೇ ಸಲ ದುಡಿಯುತ್ತವೆ. ಆದಕಾರಣ ಮೊದಲ ಮೆಟ್ಟಿಲಿನಲ್ಲಿ ಉಳಿಸಿದ ಶಕ್ತಿ ಬೇರೆಲ್ಲಿ ಉಳಿಸಿದ್ದಕ್ಕಿಂತ ಮಿಗಿಲು. ಹೆಚ್ಚು ದುಡಿಯುವ ಕಡೆಯಲ್ಲಿ ಹೆಚ್ಚು ಎಚ್ಚರ ಬೇಕೆಂಬುದು ಗಡಿಯಾರಕ್ಕೆ ಮಾತ್ರವಲ್ಲ, ಸಂಸಾರಕ್ಕೂ ಸಲ್ಲುವ ಮಾತು.

ಶಕ್ತಿಯನ್ನು ಉಳಿಸುವ ಉಪಾಯಗಳಲ್ಲಿ ಮೊದಲನೆಯದು ಒತ್ತಡವನ್ನು, ಅಂದರೆ ವೋಲ್ಟೇಜನ್ನು, ತಗ್ಗಿಸುವುದು. ಇದನ್ನು ಅರಿಯಲು ಜಗಳೂರು ತಾಲ್ಲೂಕು ಒಳ್ಳೆಯ ನಿದರ್ಶನ. ಮಳೆ ಕಡಿಮೆಯಾದ ಆ ಸೀಮೆಯ ೫೭ ಕೆರೆಗಳಿಗೆ ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರನ್ನು ಎತ್ತಿ ತರುವ ಯೋಜನೆ ರೂಪುಗೊಂಡಿತು. ಹೊನ್ನಾಳಿಯ ಮಗ್ಗುಲಲ್ಲಿ ತಾನಾಗಿ ಹರಿದು ಹೋಗುವ ಅದೇ ಹೊಳೆಯ ನೀರಿಗೆ ಜಗಳೂರಿನಲ್ಲಿ ಬೆಲೆ ಬೇರೆ. ಏಕೆಂದರೆ ಪ್ರತಿ ಕೊಡ ನೀರಿನಲ್ಲಿಯೂ ಅದನ್ನು ಎತ್ತಿದ ಶಕ್ತಿ ಸೇರಿದೆ. ತೊಟ್ಟಿಯ ಮಟ್ಟವನ್ನು ಇಮ್ಮಡಿ ಮಾಡಿದರೆ ನೀರೂ ಇಮ್ಮಡಿ ಬೇಕು, ಅದನ್ನು ಎತ್ತುವ ಎತ್ತರವೂ ಇಮ್ಮಡಿಯಾಗುತ್ತದೆ. ಹೀಗೆ ವೆಚ್ಚ ನಾಲ್ಕು ಮಡಿಯಾಗುತ್ತದೆ. ವೋಲ್ಟೇಜಿನ ಲೆಕ್ಕವೂ ಇದೇ. ಅದನ್ನು ಅರ್ಧಕ್ಕಿಳಿಸಿದರೆ ಶಕ್ತಿಯ ವೆಚ್ಚ ಕಾಲುಭಾಗಕ್ಕೆ ಇಳಿಯುತ್ತದೆ. ೫ ವೋಲ್ಟಿನಿಂದ ೧ ವೋಲ್ಟಿಗೆ ಇಳಿಸಿದರೆ ಇಪ್ಪತ್ತೈದರಲ್ಲಿ ಒಂದು ಪಾಲಾಗುತ್ತದೆ.

ಆದರೆ ಒತ್ತಡ ತಗ್ಗಿದರೆ ದ್ವಾರ ನಿಧಾನವಾಗುತ್ತದೆ. ಈ ಕಷ್ಟಕ್ಕೆ ೧೯೯೨ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಅನಂತ ಚಂದ್ರಕಾಸನ್ ಮತ್ತು ಅವರ ಸಂಗಡಿಗರು ಒಂದು ಜಾಣ ಪರಿಹಾರವನ್ನು ತೋರಿಸಿದರು. ಒಂದೇ ಮಂಡಲವನ್ನು ೫ ವೋಲ್ಟಿನಲ್ಲಿ ಓಡಿಸುವ ಬದಲು ಅಂತಹ ಎರಡು ಮಂಡಲಗಳನ್ನು ೨.೯ ವೋಲ್ಟಿನಲ್ಲಿ ಜೊತೆಯಾಗಿ ನಡೆಸಿದರು. ಒಂದೊಂದೂ ಅರ್ಧ ವೇಗದಲ್ಲಿ ನಡೆದರೂ ಒಟ್ಟು ಕೆಲಸ ಮೊದಲಿನಷ್ಟೇ ಆಯಿತು. ಶಕ್ತಿಯ ವೆಚ್ಚ ಮಾತ್ರ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯಿತು. ಒಂದೇ ಎತ್ತನ್ನು ಬಡಿದು ಓಡಿಸುವುದಕ್ಕಿಂತ ಜೋಡಿ ಎತ್ತುಗಳನ್ನು ಸಮಾಧಾನವಾಗಿ ನಡೆಸುವುದು ಲೇಸೆಂಬುದು ಬೇಸಾಯಗಾರನಿಗೆ ಹೊಸ ಮಾತೇನಲ್ಲ.

ಎರಡನೆಯ ಉಪಾಯವು ಸೋರಿಕೆಯನ್ನು ತಡೆಯುವುದು. ಹಳೆಯ ತೂಬಿನ ಸಂದಿನಿಂದ ನೀರು ಜಿನುಗುವಂತೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ತು ಜಿನುಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿಯೂ ಬೇಗ ತೆರೆಯಲೆಂದು ಟ್ರಾನ್ಸಿಸ್ಟರನ್ನು ಹಗುರಗೊಳಿಸಿದಷ್ಟೂ ಈ ಜಿನುಗು ಹೆಚ್ಚುತ್ತದೆ. ಅದು ತೆರೆಯುವ ಮಟ್ಟವನ್ನು ಕೇವಲ ೧೦೦ ಮಿಲಿವೋಲ್ಟಿನಷ್ಟು ತಗ್ಗಿಸಿದರೆ ಸೋರಿಕೆ ಹತ್ತು ಮಡಿ ಅಥವಾ ಅದಕ್ಕೂ ಹೆಚ್ಚಾಗುವುದುಂಟು. ಇದನ್ನು ತಡೆಯಲು ಟ್ರಾನ್ಸಿಸ್ಟರಿನ ಆಕಾರವನ್ನೇ ಬದಲಿಸಬೇಕಾಯಿತು. ವಿದ್ಯುತ್ತಿನ ಹಾದಿಯನ್ನು ಮೀನಿನ ರೆಕ್ಕೆಯಂತೆ ಎಬ್ಬಿಸಿ ನಿಲ್ಲಿಸಿ, ಅದನ್ನು ಮೂರು ಕಡೆಯಿಂದ ತಬ್ಬಿ ಹಿಡಿಯುವ ಫಿನ್‌ಫೆಟ್ ಎಂಬ ರಚನೆಯನ್ನು ಚೆನ್ಮಿಂಗ್ ಹು ಮತ್ತು ಅವರ ತಂಡದವರು ೧೯೯೦ರ ದಶಕದ ಕೊನೆಯಲ್ಲಿ ಬೆಳೆಸಿದರು. ೨೦೧೨ರಲ್ಲಿ ಅದು ಮಾರುಕಟ್ಟೆಗೆ ಬಂತು. ಇನ್ನೊಂದು ಕ್ರಮವೆಂದರೆ, ಕೆಲಸವಿಲ್ಲದ ಭಾಗಕ್ಕೆ ವಿದ್ಯುತ್ತನ್ನು ಮೇಲಿನಿಂದಲೇ ನಿಲ್ಲಿಸುವುದು. ಮುಖ್ಯ ತೂಬನ್ನು ಮುಚ್ಚಿದರೆ ಕೆಳಗಿನ ನೂರು ಕಿರುಗಾಲುವೆಗಳ ಸೋರಿಕೆಯೂ ತಾನಾಗಿ ನಿಲ್ಲುವುದಷ್ಟೆ.

ಮೂರನೆಯದು ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಕಠಿಣ. ಅನಗತ್ಯವಾಗಿ ದುಡಿಯದಿರುವುದೇ ಅದು. ಚಿಪ್ಪಿನೊಳಗೆ ಕಾಲವನ್ನು ತಿಳಿಸುವ ಒಂದು ತಾಳವಿರುತ್ತದೆ. ಅದು ಸೆಕೆಂಡಿಗೆ ನೂರಾರು ಕೋಟಿ ಸಲ ಮಿಡಿಯಬಹುದು. ಕೆಲಸವಿರಲಿ, ಇಲ್ಲದಿರಲಿ, ಆ ಮಿಡಿತ ತಲಪಿದ ಕಡೆಯಲ್ಲೆಲ್ಲ ತೊಟ್ಟಿಗಳು ತುಂಬಿ ಬರಿದಾಗುತ್ತವೆ. ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಲ್ಲಿ ಕೊಳವೆಬಾವಿಯಿರುವ ರೈತರಿಗೆ ಆಟೋ ಸ್ಟಾರ್ಟರ್ ಎಂಬುದು ಪರಿಚಿತ ಸಾಧನ. ಅದನ್ನು ಹಾಗೆಯೇ ಬಿಟ್ಟು ಮಲಗಿದರೆ ನಡುರಾತ್ರಿ ಕರೆಂಟು ಬಂದೊಡನೆ ಪಂಪು ತಾನಾಗಿ ಓಡುತ್ತದೆ; ಹೊಲ ನೆನೆದಿದೆಯೋ ಒಣಗಿದೆಯೋ ಅದಕ್ಕೆ ತಿಳಿಯದು. ಕೆಲಸವಿಲ್ಲದ ಭಾಗಕ್ಕೆ ತಾಳವನ್ನು ಕಳುಹಿಸುವ ಚಿಪ್ಪು ಇಂತಹ ಪಂಪಿನಂತೆಯೇ. ಬೇಡವಾದ ಕಡೆಗೆ ತಾಳ ಹೋಗದಂತೆ ಒಂದು ದ್ವಾರವನ್ನು ಅಡ್ಡವಿಟ್ಟು ಜಾಣ ವಿನ್ಯಾಸಕಾರನು ಈ ದುಂದನ್ನು ತಪ್ಪಿಸುತ್ತಾನೆ.

ತಡೆದು ಬಿಡುವ ಈ ಕ್ರಮಕ್ಕೂ ಮಿತಿಯುಂಟು. ೨೦೨೩ರಲ್ಲಿ ಮಳೆ ಕೊರತೆಯಾದಾಗ ಭದ್ರಾ ಕಾಲುವೆಗಳಲ್ಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ‘ಆನ್-ಆಫ್’ ಪದ್ಧತಿಯ ನಿರ್ಧಾರವಾಯಿತು. ದಾವಣಗೆರೆ ಭಾಗದ ರೈತರು ಅದನ್ನು ವಿರೋಧಿಸಿದರು. ಅವರ ಆತಂಕಕ್ಕೆ ಕಾರಣವಿತ್ತು. ನಿಲ್ಲಿಸಿದ ಕಾಲುವೆಯನ್ನು ಮತ್ತೆ ತೆರೆದಾಗ ಮೊದಲು ಕಾಲುವೆಯೇ ತುಂಬಬೇಕು. ನೀರು ತುದಿಯ ಗದ್ದೆಯನ್ನು ಮುಟ್ಟಲು ತಡವಾಗುತ್ತದೆ. ನಿದ್ರೆಗೆ ಹಾಕಿದ ಮಂಡಲವನ್ನು ಎಬ್ಬಿಸುವುದಕ್ಕೂ ಸಮಯ ಮತ್ತು ಶಕ್ತಿ ಬೇಕು. ಕ್ಷಣಕ್ಷಣಕ್ಕೂ ಮಲಗಿಸಿ ಎಬ್ಬಿಸಿದರೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು. ಯಾವಾಗ ಮುಚ್ಚಬೇಕು ಎಂಬುದರಷ್ಟೇ ಯಾವಾಗ ಮುಚ್ಚಬಾರದು ಎಂಬುದೂ ಮುಖ್ಯ. ಇದೇ ನೀರಗಂಟಿಯ ವಿವೇಕ. ಇದೇ ವಿನ್ಯಾಸಕಾರನ ವಿವೇಕ.

ಇಷ್ಟು ಕಿರಿಯ ದ್ವಾರದಲ್ಲಿ ಇಷ್ಟು ಕಿರಿಯ ಉಳಿತಾಯಕ್ಕಾಗಿ ಇಷ್ಟೊಂದು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಹನಿಗೂಡಿದರೆ ಹಳ್ಳ ಎಂಬ ನಾಣ್ಣುಡಿಯೇ ಅವರಿಗೆ ಉತ್ತರ. ೧೯೭೧ರಲ್ಲಿ ಬಂದ ಇಂಟೆಲ್ ೪೦೦೪ ಎಂಬ ಚಿಪ್ಪಿನಲ್ಲಿ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದವು. ೨೦೨೦ರಲ್ಲಿ ಬಂದ ಆಪಲ್ ಎಂ೧ ಎಂಬ ಚಿಪ್ಪಿನಲ್ಲಿ ಅವುಗಳ ಸಂಖ್ಯೆ ೧,೬೦೦ ಕೋಟಿಗೆ ಏರಿತು. ಇಷ್ಟು ದ್ವಾರಗಳ ಶಾಖ ಉಗುರಗಲದ ಜಾಗದಲ್ಲಿ ಕೂಡಿಕೊಂಡರೆ ಚಿಪ್ಪೇ ಬೆಂದುಹೋಗುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಗಣಕಯಂತ್ರದ ತಾಳದ ವೇಗವನ್ನು ವರ್ಷವರ್ಷವೂ ಏರಿಸುತ್ತ ಹೋಗುವ ಸ್ಪರ್ಧೆ ನಿಂತದ್ದಕ್ಕೆ ಶಾಖವೇ ದೊಡ್ಡ ಕಾರಣ. ಇನ್ನು ಜಗತ್ತಿನ ಮಾಹಿತಿಯನ್ನೆಲ್ಲ ಕಾಯುವ ದತ್ತಾಂಶ ಕೇಂದ್ರಗಳು ೨೦೨೪ರಲ್ಲಿ ಬಳಸಿದ ವಿದ್ಯುತ್ತು ಇಡೀ ಪ್ರಪಂಚದ ಬಳಕೆಯ ಶೇಕಡ ೧.೫ರಷ್ಟೆಂದು ಅಂತಾರಾಷ್ಟ್ರೀಯ ಶಕ್ತಿ ಸಂಸ್ಥೆ ಅಂದಾಜು ಮಾಡಿದೆ. ಒಂದು ದ್ವಾರದ ದುಂದು ಕಣ್ಣಿಗೆ ಕಾಣದು. ಕೋಟಿ ಕೋಟಿ ದ್ವಾರಗಳ ದುಂದಿಗೆ ವಿದ್ಯುದಾಗಾರಗಳೇ ಬೇಕು.

ಮತ್ತೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಉಳಿತಾಯದ ಉಪಾಯ ಕೈಗೆ ಬಂದೊಡನೆ ಮನುಷ್ಯನು ಬಳಕೆಯನ್ನೇ ಹೆಚ್ಚಿಸುತ್ತಾನೆಂಬುದು ಆ ಆಕ್ಷೇಪ. ಕಡಿಮೆ ಕಲ್ಲಿದ್ದಲಿನಿಂದ ಓಡುವ ಯಂತ್ರಗಳು ಬಂದಮೇಲೆ ಇಂಗ್ಲೆಂಡಿನಲ್ಲಿ ಕಲ್ಲಿದ್ದಲಿನ ಬಳಕೆ ಕುಗ್ಗುವ ಬದಲು ಹಿಗ್ಗಿತೆಂದು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ೧೮೬೫ರಲ್ಲಿಯೇ ತೋರಿಸಿದ್ದನು. ಹನಿ ನೀರಾವರಿಯಿಂದ ಉಳಿದ ನೀರಿಗೆ ಇನ್ನೊಂದೆಕರೆ ಅಡಕೆ ಸಸಿ ನೆಟ್ಟರೆ ಕೊಳವೆಬಾವಿಗೆ ಬಿಡುವೆಲ್ಲಿ? ೨೦೨೪ರ ಬೇಸಗೆಯಲ್ಲಿ ಚನ್ನಗಿರಿಯ ಸುತ್ತಮುತ್ತ ಅಡಕೆ ತೋಟಗಳನ್ನು ಉಳಿಸಿಕೊಳ್ಳಲು ರೈತರು ಟ್ಯಾಂಕರುಗಳಲ್ಲಿ ನೀರು ತರಿಸಬೇಕಾಯಿತು. ಕರ್ನಾಟಕದಲ್ಲಿ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಬಡ ರೈತನಿಗೆ ಅದು ಆಸರೆಯೇ ಸರಿ; ಆದರೆ ಬೆಲೆಯಿಲ್ಲದ ವಸ್ತುವಿನ ಲೆಕ್ಕವನ್ನು ಯಾರೂ ಇಡುವುದಿಲ್ಲವೆಂಬುದೂ ಅಷ್ಟೇ ನಿಜ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಅದರಿಂದ ಮಿತವ್ಯಯದ ದ್ವಾರ ಬೇಡವೆಂದು ಸಿದ್ಧವಾಗುವುದಿಲ್ಲ. ಮಿತವ್ಯಯದ ದ್ವಾರಕ್ಕೆ ಮಿತವರಿತ ಬಳಕೆದಾರನೂ ಬೇಕೆಂದು ಸಿದ್ಧವಾಗುತ್ತದೆ. ಸೋರುವ ತೂಬನ್ನು ಹೊಂದಿದ ಕೆರೆಯಲ್ಲಿ ನೀರಗಂಟಿ ಎಷ್ಟು ಪ್ರಾಮಾಣಿಕನಾದರೂ ಫಲವಿಲ್ಲ. ನೀರಗಂಟಿಯೇ ಬೇಜವಾಬ್ದಾರನಾದರೆ ಗಟ್ಟಿ ತೂಬಿನಿಂದಲೂ ಫಲವಿಲ್ಲ.

ಈ ವಿದ್ಯೆ ದೂರದೇಶದ ಸೊತ್ತೆಂದು ಭಾವಿಸಲು ಕಾರಣವಿಲ್ಲ. ಬೆಂಗಳೂರಿನಲ್ಲಿ ೧೯೪೮ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದವು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಅಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಆ ಬಳಿಕ ಚಿಪ್ಪುಗಳ ವಿನ್ಯಾಸದಲ್ಲಿ ಬೆಂಗಳೂರು ಜಗತ್ತಿನ ಮುಖ್ಯ ನಗರಗಳಲ್ಲಿ ಒಂದಾಗಿ ಬೆಳೆದಿದೆ. ಆದರೆ ಈ ಕೆಲಸಕ್ಕೆ ಬೇಕಾದ ಮನೋಧರ್ಮ ನಗರದಲ್ಲಿ ಮಾತ್ರ ಹುಟ್ಟುವುದೆಂಬ ನಿಯಮವಿಲ್ಲ. ಕೊಡ ನೀರಿನ ಬೆಲೆಯನ್ನು ಬಲ್ಲ ಜಗಳೂರಿನ ಹುಡುಗಿ, ಕಾಲುವೆಯ ಸರದಿಯನ್ನು ಕಾದು ಕುಳಿತ ಹೊನ್ನಾಳಿಯ ಹುಡುಗ, ಪಂಪಿನ ಸ್ವಿಚ್ಚನ್ನು ಆರಿಸಲು ರಾತ್ರಿ ಎದ್ದು ಹೋದ ನ್ಯಾಮತಿಯ ತರುಣ, ಇವರೆಲ್ಲರೂ ಈ ಶಾಸ್ತ್ರದ ಮೊದಲ ಪಾಠವನ್ನು ಬದುಕಿನಲ್ಲಿಯೇ ಕಲಿತವರು. ಅವರಿಗೆ ಬೇಕಾದುದು ಗಣಿತದ ಆಸರೆ ಮತ್ತು ಗುರುವಿನ ಪ್ರೋತ್ಸಾಹ. ಶಾಲೆಗಳಲ್ಲಿ ತರ್ಕದ್ವಾರವನ್ನು ಕಲಿಸುವಾಗ ಸತ್ಯಕೋಷ್ಟಕದ ಪಕ್ಕದಲ್ಲಿ ವೆಚ್ಚದ ಕಲಮನ್ನೂ ಬರೆಸುವಂತಾದರೆ ಆ ಪಾಠ ಪೂರ್ಣವಾದೀತು.

ಮಾಡಬೇಕಾದ ಕೆಲಸವೂ ಬೇಕಾದಷ್ಟು ಉಳಿದಿದೆ. ಒಂದು ಅಂಶದ ಮಾಹಿತಿಯನ್ನು ಅಳಿಸಲು ಪ್ರಕೃತಿಯು ಕೇಳುವ ಕನಿಷ್ಠ ಶಕ್ತಿ ಎಷ್ಟೆಂಬುದನ್ನು ರಾಲ್ಫ್ ಲ್ಯಾಂಡಾವರ್ ಎಂಬ ವಿಜ್ಞಾನಿ ೧೯೬೧ರಲ್ಲಿ ಲೆಕ್ಕ ಹಾಕಿದನು. ಇಂದಿನ ದ್ವಾರಗಳು ಅದರ ಸಾವಿರ ಪಟ್ಟಿಗೂ ಹೆಚ್ಚು ಶಕ್ತಿಯನ್ನು ಖರ್ಚು ಮಾಡುತ್ತಿವೆ. ಪ್ರಕೃತಿ ಕೇಳುವ ತೆರಿಗೆಗೂ ಮನುಷ್ಯ ತೆರುತ್ತಿರುವ ದಂಡಕ್ಕೂ ನಡುವೆ ಇಷ್ಟು ಅಂತರವಿರುವಾಗ, ಇನ್ನು ಉಳಿಸುವುದೇನಿದೆ ಎಂದು ಕೈಕಟ್ಟಿ ಕೂರುವುದು ಸಲ್ಲದು. ಹೆಚ್ಚು ಮಾಡುವವನು ಬಲ್ಲಿದನೆಂದು ಲೋಕ ಹೊಗಳುತ್ತದೆ. ಕಡಿಮೆಯಲ್ಲಿ ಅಷ್ಟನ್ನೇ ಮಾಡುವವನು ಅವನಿಗಿಂತ ಬಲ್ಲಿದ. ತೂಬಾಗಲಿ, ತರ್ಕದ್ವಾರವಾಗಲಿ, ಅದರ ಹಿರಿಮೆಯಿರುವುದು ಬೇಕಾದಾಗ ಬೇಕಾದಷ್ಟನ್ನೇ ಬಿಟ್ಟು ಉಳಿದದ್ದನ್ನು ನಾಳೆಗೆ ಕಾಯುವುದರಲ್ಲಿ.